ಉರಿಯದ ಕೆಂಪು ದೀಪ

ಕಾರು ಸ್ಟಾರ್ಟ್ ಆಗಲಿಲ್ಲವೆಂದರೆ ನಮ್ಮಲ್ಲಿ ಮೊದಲು ಬೈಸಿಕೊಳ್ಳುವುದು ಬ್ಯಾಟರಿ. ಬೈಯುವವರಿಗೆ ಕಾರಿನ ಬಗ್ಗೆ ತಿಳಿದಿರಬೇಕೆಂದೇನೂ ಇಲ್ಲ. ಹಾಲಿನವನು, ಎದುರು ಮನೆಯ ನಿವೃತ್ತ ತಹಸೀಲ್ದಾರರು, ತಳ್ಳಿಕೊಡಲು ಬಂದ ಕಾಲೇಜು ಹುಡುಗರು, ಎಲ್ಲರದೂ ಒಂದೇ ಮಾತು: "ಬ್ಯಾಟರಿ ಹೋಗಿದೆ ಸಾರ್." ಬ್ಯಾಟರಿ ಕಣ್ಣಿಗೆ ಕಾಣುತ್ತದೆ, ಅಂಗಡಿಯಲ್ಲಿ ಸಿಗುತ್ತದೆ, ಹಳೆಯದನ್ನು ಕೊಟ್ಟು ಹೊಸದನ್ನು ತಂದರೆ ಒಂದು ವಾರವಾದರೂ ಕಾರು ಓಡುತ್ತದೆ. ಆ ಒಂದು ವಾರದಲ್ಲಿ ತಪ್ಪೆಲ್ಲ ಬ್ಯಾಟರಿಯದೇ ಎನ್ನುವುದಕ್ಕೆ ಸಾಕ್ಷಿಯೂ ಸಿಕ್ಕಂತಾಗುತ್ತದೆ. ನಮ್ಮ ಮನೆಯ ಪದ್ಮಿನಿಗೆ ಒಂದೂವರೆ ವರ್ಷದಲ್ಲಿ ಎರಡು ಬ್ಯಾಟರಿ ಬಂದದ್ದು ಹೀಗೆಯೇ.

ಕಾರು 1978ರದ್ದು. ಇಟಲಿಯ ಫಿಯಟ್ 1100 ಕಾರನ್ನು ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ಇಲ್ಲಿ ತಯಾರಿಸುತ್ತಿದ್ದರಲ್ಲ, ಅದಕ್ಕೆ 1974ರಲ್ಲಿ ಬಂದ ಹೆಸರು ಪ್ರೀಮಿಯರ್ ಪದ್ಮಿನಿ. 1089 ಸಿಸಿ ಎಂಜಿನ್ನು, ಸ್ಟಿಯರಿಂಗ್ ಬುಡದಲ್ಲಿ ಗೇರು. ಅಪ್ಪ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದಾಗ, 1991ರಲ್ಲಿ, ಭದ್ರಾವತಿಯ ಡಾಕ್ಟರೊಬ್ಬರಿಂದ ಅದನ್ನು ಕೊಂಡರು. ಅಕ್ಕನ ಮದುವೆಯ ದಿಬ್ಬಣ, ನನ್ನ ಹಾಸ್ಟೆಲ್ಲಿನ ಟ್ರಂಕು, ಅಜ್ಜಿಯ ಕೊನೆಯ ಆಸ್ಪತ್ರೆ ಪ್ರಯಾಣ, ಎಲ್ಲವೂ ಅದರಲ್ಲೇ ಆದವು. ಶಿವಮೊಗ್ಗದ ವಿನೋಬನಗರದಲ್ಲಿ ನಮ್ಮ ಮನೆಗೆ ನಂಬರು ಬೇಕಿಲ್ಲ. ಹಳೇ ಫಿಯಟ್ ಮೇಷ್ಟ್ರ ಮನೆ ಎಂದರೆ ಸಾಕು.

ಕಾರು ಬಂದಾಗ ಅದರಲ್ಲಿದ್ದದ್ದು ಡೈನಮೋ. ಡೈನಮೋದ ಗುಣ ಏನೆಂದರೆ, ಎಂಜಿನ್ ಚೆನ್ನಾಗಿ ತಿರುಗುವಾಗ ಮಾತ್ರ ಅದು ಸರಿಯಾಗಿ ವಿದ್ಯುತ್ ಕೊಡುತ್ತದೆ. ಸಿಗ್ನಲ್ಲಿನಲ್ಲಿ ನಿಂತರೆ ಹೆಡ್‌ಲೈಟು ಮಂಕಾಗುತ್ತದೆ. ಅದರಲ್ಲಿ ತಿರುಗುವ ಸುರುಳಿಯಲ್ಲೇ ವಿದ್ಯುತ್ ಹುಟ್ಟುವುದರಿಂದ, ಹುಟ್ಟಿದ್ದಷ್ಟೂ ಕಾರ್ಬನ್ ಬ್ರಶ್ಶುಗಳ ಮೂಲಕವೇ ಹೊರಬರಬೇಕು. ಆಲ್ಟರ್ನೇಟರ್ ಇದನ್ನು ತಿರುಗುಮುರುಗು ಮಾಡಿತು. ಅದರಲ್ಲಿ ತಿರುಗುವುದು ಕಾಂತ, ವಿದ್ಯುತ್ ಹುಟ್ಟುವುದು ಸುತ್ತ ಅಲುಗಾಡದೆ ಕುಳಿತ ಸುರುಳಿಗಳಲ್ಲಿ. ಬ್ರಶ್ಶುಗಳು ಹೊರಬೇಕಾದದ್ದು ಮೂರು ನಾಲ್ಕು ಆಂಪಿಯರ್ ಅಷ್ಟೆ. ಹುಟ್ಟಿದ ಎಸಿ ವಿದ್ಯುತ್ತನ್ನು ಡಿಸಿ ಮಾಡಲು ಡಯೋಡುಗಳು ಬೇಕು. ಸಿಲಿಕಾನ್ ಡಯೋಡುಗಳು ಅಗ್ಗವಾಗಿ ಸಿಗುವವರೆಗೆ ಇದು ಕಾರಿಗೆ ಬರುವಂತಿರಲಿಲ್ಲ. ಅಮೆರಿಕದ ಕ್ರೈಸ್ಲರ್ ಕಂಪನಿ 1960ರ ಸುಮಾರಿಗೆ ವೇಲಿಯಂಟ್ ಕಾರಿನಲ್ಲಿ ಆಲ್ಟರ್ನೇಟರ್ ಕೊಟ್ಟ ಮೇಲೆ ಉಳಿದವರೂ ಒಬ್ಬೊಬ್ಬರಾಗಿ ಅದೇ ದಾರಿ ಹಿಡಿದರು. ನಮ್ಮ ಕಾರಿಗೆ ಅದು ಬಂದದ್ದು 1997ರಲ್ಲಿ, ಡೈನಮೋ ಸುಟ್ಟಾಗ. ಮೆಕ್ಯಾನಿಕ್ಕು ಒಂದು ಕಬ್ಬಿಣದ ಪಟ್ಟಿ ಬೆಸೆದು ಅದೇ ಜಾಗದಲ್ಲಿ ಆಲ್ಟರ್ನೇಟರ್ ಕೂರಿಸಿಕೊಟ್ಟ. ಡ್ಯಾಶ್‌ಬೋರ್ಡಿನಲ್ಲಿ ಡೈನಮೋಗೆಂದು ಇದ್ದ ಹಳೆಯ ಕೆಂಪು ದೀಪದ ವೈರನ್ನೇ ಇದಕ್ಕೂ ಎಳೆದ. ಈ ಕೊನೆಯ ಮಾತು ನೆನಪಿರಲಿ.

ತೊಂದರೆ ಶುರುವಾದದ್ದು 2022ರ ಮಳೆಗಾಲದಲ್ಲಿ. ಅಪ್ಪ ಬೆಳಿಗ್ಗೆ ದುರ್ಗಿಗುಡಿಗೆ ಹೋಗಿ ಪೇಪರು, ತರಕಾರಿ ತರುವವರು. ಮನೆಯಿಂದ ಹೊರಟು ಮನೆಗೆ ಬಂದರೆ ಎಲ್ಲ ಸೇರಿ ನಾಲ್ಕೈದು ಕಿಲೋಮೀಟರು. ವಾರಕ್ಕೊಮ್ಮೆ ಗಾಜನೂರಿನ ಹತ್ತಿರದ ಅಡಿಕೆ ತೋಟ. ಒಂದು ದಿನ ಕೀ ತಿರುಗಿಸಿದರೆ ಸ್ಟಾರ್ಟರ್ 'ಟಕ್' ಎಂದು ಸುಮ್ಮನಾಯಿತು. ತಳ್ಳಿದರು, ಹೊರಟಿತು. ಬ್ಯಾಟರಿ ಅಂಗಡಿಯಲ್ಲಿ ಹೊಸ ಬ್ಯಾಟರಿ ಕೊಟ್ಟರು. ಕೆಲವು ದಿನ ಸರಿಯಿತ್ತು, ಆಮೇಲೆ ಮತ್ತೆ 'ಟಕ್'. ಅದೇ ಅಂಗಡಿಯಲ್ಲಿ ರಾತ್ರಿಯಿಡೀ ಚಾರ್ಜಿಗೆ ಇಟ್ಟುಕೊಟ್ಟರು. ಮತ್ತೆ ಐದಾರು ದಿನ ಸರಿಯಿತ್ತು. ಒಂದು ವರ್ಷದ ನಂತರ, "ಇದರ ಪ್ಲೇಟೇ ಹೋಗಿದೆ" ಎಂದು ಎರಡನೆಯ ಬ್ಯಾಟರಿ. ಯಾರೂ ಬಾನೆಟ್ಟಿನೊಳಗೆ ಬೇರೇನನ್ನೂ ನೋಡಲಿಲ್ಲ.

ಇದರಿಂದ ಕಷ್ಟವಾದದ್ದು ಕಾರಿಗಿಂತ ಹೆಚ್ಚಾಗಿ ಅಪ್ಪನಿಗೆ. ಎಪ್ಪತ್ತಮೂರು ವರ್ಷದ ಮನುಷ್ಯ ನಡುಬೀದಿಯಲ್ಲಿ ಕಾರು ನಿಲ್ಲಿಸಿಕೊಂಡು ಗುರುತು ಪರಿಚಯ ಇಲ್ಲದ ಹುಡುಗರನ್ನು ಕರೆದು ತಳ್ಳಿಸುವುದು ನೋಡಲು ಚೆನ್ನಾಗಿರುವುದಿಲ್ಲ. ಬೆಂಗಳೂರಿನಲ್ಲಿರುವ ಅಕ್ಕನಿಗೆ ಈ ಸುದ್ದಿ ಮುಟ್ಟುತ್ತಿತ್ತು. "ಕಾರು ಮಾರಿಬಿಡಿ, ಆಟೊದಲ್ಲಿ ಓಡಾಡಿ" ಎನ್ನುವುದು ಅವಳ ವಾದ. 2023ರ ಅಕ್ಟೋಬರಿನಲ್ಲಿ ಮುಂಬಯಿಯ ಕೊನೆಯ ಪದ್ಮಿನಿ ಟ್ಯಾಕ್ಸಿ ರಸ್ತೆಯಿಂದ ಇಳಿಯಿತು ಎಂಬ ಸುದ್ದಿ ಬಂದಾಗ ಅದನ್ನು ಮನೆಯ ವಾಟ್ಸಾಪ್ ಗುಂಪಿಗೆ ಹಾಕಿ ಕೆಳಗೆ ಏನೂ ಬರೆಯಲಿಲ್ಲ. ಅಪ್ಪನೂ ಅದಕ್ಕೆ ಏನೂ ಬರೆಯಲಿಲ್ಲ.

ದೀಪಾವಳಿಗೆ ಅಕ್ಕ, ಭಾವ ಬಂದರು. ಭಾವನಿಗೆ ಆ ಕಾರಿನ ಮೇಲೆ ಒಳಗೊಳಗೇ ಆಸೆ. ಮಕ್ಕಳನ್ನು ಕೂರಿಸಿಕೊಂಡು ಸಾಗರದ ಮೇಲೆ ಜೋಗಕ್ಕೆ ಹೋಗಿಬಂದರು. ಹೋಗಿಬರುವುದು ಇನ್ನೂರು ಕಿಲೋಮೀಟರು. ಚಹಾಕ್ಕೆ, ತಿಂಡಿಗೆ, ಜೋಗದಲ್ಲಿ, ಎಲ್ಲಿ ನಿಲ್ಲಿಸಿದರೂ ಕೀ ತಿರುಗಿಸಿದ ತಕ್ಷಣ ಸ್ಟಾರ್ಟ್! ಆ ರಾತ್ರಿ ಊಟಕ್ಕೆ ಕೂತಾಗ ಭಾವ ನಗುತ್ತ ಹೇಳಿದರು: "ಮಾವ, ಕಾರಲ್ಲಿ ಏನೂ ತೊಂದರೆ ಇಲ್ಲ. ನೀವು ಎತ್ತಿನಗಾಡಿ ಥರ ಓಡಿಸ್ತೀರ. ಬ್ಯಾಟರಿ ಚಾರ್ಜ್ ಆಗೋದಾದ್ರೂ ಹೇಗೆ?" ಅಕ್ಕ ನಗಲಿಲ್ಲ. "ನೋಡಪ್ಪಾ, ತೊಂದರೆ ಕಾರಿಂದಲ್ಲ. ಇನ್ನು ಓಡಿಸೋದು ಸಾಕು" ಎಂದಳು. ಅಪ್ಪ ಹೋಳಿಗೆಯನ್ನು ಪಕ್ಕಕ್ಕೆ ಸರಿಸಿ ಮಜ್ಜಿಗೆ ಹಾಕಿಸಿಕೊಂಡರು. ನಮ್ಮ ಮನೆಯಲ್ಲಿ ಅದರ ಅರ್ಥ ಎಲ್ಲರಿಗೂ ಗೊತ್ತು.

ಭಾವನ ಮಾತಿನಲ್ಲಿ ಅರ್ಧ ನಿಜವಿತ್ತು. ಅಪ್ಪ ಪೆಟ್ರೋಲಿನ ಮಿತವ್ಯಯದ ಕಾಲದಲ್ಲಿ ಡ್ರೈವಿಂಗ್ ಕಲಿತವರು. ಗಂಟೆಗೆ ಇಪ್ಪತ್ತೈದು ಕಿಲೋಮೀಟರ್ ಮುಟ್ಟುವುದರೊಳಗೆ ಟಾಪ್ ಗೇರಿಗೆ ಹಾಕಿಬಿಡುತ್ತಾರೆ. ಎಂಜಿನ್ ಗೊಣಗುತ್ತ, ಕೆಮ್ಮುತ್ತ ಹೋಗುತ್ತದೆ. ಆದರೆ ಇದೇ ಓಡಾಟದಲ್ಲಿ, ಇದೇ ಆಲ್ಟರ್ನೇಟರಿನಲ್ಲಿ ಇಪ್ಪತ್ತೈದು ವರ್ಷ ಕಾರು ನಡೆದಿತ್ತಲ್ಲ? ಅಪ್ಪ ಯಾವಾಗ ವೇಗವಾಗಿ ಓಡಿಸುತ್ತಿದ್ದರು?

ನನಗೆ ದಾರಿ ತೋರಿಸಿದ್ದು ಅಡುಗೆಮನೆಯ ಕ್ಯಾಲೆಂಡರು. ಅಮ್ಮ ಅದರಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಬಂದ ದಿನ, ಏಕಾದಶಿ ಎಲ್ಲ ಗುರುತು ಹಾಕುತ್ತಾರೆ. ಕಾರು ನಿಂತ ದಿನ ಚೌಕದ ಮೂಲೆಯಲ್ಲಿ 'ಕಾ' ಎಂದು ಬರೆದು, ಚಾರ್ಜಿಗೆ ಕೊಟ್ಟ ಖರ್ಚನ್ನು ಅದರ ಕೆಳಗೆ ಬರೆದಿದ್ದರು. ಒಂದು ಭಾನುವಾರ ನಾನು ಅದನ್ನು ಕೆಳಗಿಳಿಸಿಕೊಂಡು ಎಣಿಸಿದೆ. ಚಾರ್ಜ್ ಮಾಡಿಸಿದ ಐದನೆಯ ದಿನ, ಆರನೆಯ ದಿನ, ಮತ್ತೆ ಐದನೆಯ ದಿನ. ತಪ್ಪದೆ ನಿಂತಿದೆ. ಭಾವ ಜೋಗಕ್ಕೆ ಹೋಗಿಬಂದ ಮೇಲೆ ಮಾತ್ರ ಯಾವ ಚಾರ್ಜೂ ಇಲ್ಲದೆ ಒಂಬತ್ತು ದಿನ ನಡೆದಿದೆ. ಬ್ಯಾಟರಿಯೇ ಕೆಟ್ಟಿದ್ದರೆ ಜೋಗದ ದಾರಿಯಲ್ಲೂ ಕೆಟ್ಟಿರಬೇಕಿತ್ತು. ಆಲ್ಟರ್ನೇಟರ್ ಪೂರ್ತಿ ಸತ್ತಿದ್ದರೆ ಆ ಒಂಬತ್ತು ದಿನ ಎಲ್ಲಿಂದ ಬಂತು? ಕೆಟ್ಟೂ ಕೆಡದ ಏನೋ ಒಂದು ಇರಬೇಕು. ಕ್ಯಾಲೆಂಡರಿನ ಫೋಟೊ ತೆಗೆದುಕೊಂಡು ಮರುದಿನ ರಜೆ ಹಾಕಿ ಅಪ್ಪನನ್ನು ಹೊರಡಿಸಿದೆ.

ಸಾಗರ ರಸ್ತೆಯ ಆಟೊ ಕಾಂಪ್ಲೆಕ್ಸಿನಲ್ಲಿ ಸಾಲಾಗಿ ಗ್ಯಾರೇಜುಗಳಿವೆ. ಅಲ್ಲಿ ನಾವು ಕೇಳಿಕೊಂಡು ಹೋದದ್ದು ವಯಸ್ಸಾದ ಒಬ್ಬ ಆಟೊ ಎಲೆಕ್ಟ್ರಿಷಿಯನ್ನರನ್ನು. ಎಲ್ಲರಿಗೂ ಅವರು ಭಾಯಿ. ಹತ್ತು ಅಡಿ ಅಗಲದ ಅಂಗಡಿ, ಗೋಡೆಗೆ ನೇತುಹಾಕಿದ ಹಳೆಯ ಆರ್ಮೇಚರುಗಳು, ವಾರ್ನಿಷ್ ವಾಸನೆ. ಹನ್ನೆರಡನೇ ವಯಸ್ಸಿಗೆ ಲಾರಿ ಡೈನಮೋಗಳಿಗೆ ತಂತಿ ಸುತ್ತುವ ಕೆಲಸಕ್ಕೆ ಸೇರಿದವರಂತೆ. ಅಪ್ಪನನ್ನು ನೋಡಿ ಎದ್ದು ನಿಂತರು. "ಬನ್ನಿ ಮೇಷ್ಟ್ರೇ, ನನ್ನ ದೊಡ್ಡ ಮಗ ನಿಮ್ಮ ಹತ್ರಾನೇ ಓದಿದ್ದು. ಎಂತ ಆಯ್ತು ಗಾಡಿಗೆ?"

"ಬ್ಯಾಟರಿ..." ಎಂದು ಅಪ್ಪ ಶುರುಮಾಡಿದರು.

"ಅದನ್ನ ಆಮೇಲೆ ಬೈಯೋಣ" ಎಂದರು ಭಾಯಿ.

ಮಲ್ಟಿಮೀಟರಿನ ಕೆಂಪು, ಕಪ್ಪು ಕಡ್ಡಿಗಳನ್ನು ಬ್ಯಾಟರಿಗೆ ಮುಟ್ಟಿಸಿದರು. 12.4 ವೋಲ್ಟ್. ಚೆನ್ನಾಗಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಬ್ಯಾಟರಿ 12.6 ತೋರಿಸಬೇಕು. ಪರವಾಗಿಲ್ಲ. ಹೆಬ್ಬೆರಳಿನಿಂದ ಫ್ಯಾನ್ ಬೆಲ್ಟ್ ಒತ್ತಿ ನೋಡಿದರು. ಅರ್ಧ ಇಂಚು ತಗ್ಗಿತು, ಅಷ್ಟೇ ತಗ್ಗಬೇಕಂತೆ. "ಸ್ಟಾರ್ಟ್ ಮಾಡಿ" ಎಂದರು. ಎಂಜಿನ್ ಓಡುತ್ತಿರುವಾಗ ಮೀಟರು 14ರ ಆಸುಪಾಸಿಗೆ ಏರಬೇಕು. ಬ್ಯಾಟರಿಗೆ ವಿದ್ಯುತ್ ಒಳಹೋಗುತ್ತಿದೆ ಎನ್ನುವುದಕ್ಕೆ ಅದೇ ಗುರುತು. ನಮ್ಮದು 12.1ರಲ್ಲಿ ನಿಂತಿತು. ಹೆಡ್‌ಲೈಟ್ ಹಾಕಿದರೆ 11.8.

"ಆಲ್ಟರ್ನೇಟರ್ ಹೋಗಿದೆ ಹಾಗಾದ್ರೆ" ಎಂದೆ.

ಭಾಯಿ ಉತ್ತರಿಸದೆ, "ಮೇಷ್ಟ್ರೇ, ಆಕ್ಸಿಲರೇಟರ್ ಒತ್ತಿ. ಇನ್ನೂ ಒತ್ತಿ. ಹೆದರಬೇಡಿ, ಪೆಟ್ರೋಲ್ ನನ್ನ ಲೆಕ್ಕ" ಎಂದರು. ಎಂಜಿನ್ ಅರಚತೊಡಗಿತು. ಮೀಟರಿನ ಅಂಕಿ ಸ್ವಲ್ಪ ಹೊತ್ತು ಅಲ್ಲಾಡದೆ ಇದ್ದು, ಇದ್ದಕ್ಕಿದ್ದಂತೆ 14.2ಕ್ಕೆ ಹಾರಿತು. ಅಪ್ಪ ಕಾಲು ತೆಗೆದರು. ಎಂಜಿನ್ ಮೊದಲಿನಷ್ಟೇ ಮೆಲ್ಲಗಾಯಿತು, ಆದರೆ ಅಂಕಿ ಕೆಳಗಿಳಿಯಲಿಲ್ಲ. 13.9.

"ಈಗ ಆಗ್ತಾ ಉಂಟಲ್ಲ ಚಾರ್ಜು!" ಅಪ್ಪನಿಗೆ ಖುಷಿ.

"ಆಫ್ ಮಾಡಿ. ಮತ್ತೆ ಸ್ಟಾರ್ಟ್ ಮಾಡಿ." ಮತ್ತೆ 12.1.

ಪಕ್ಕದ ಗ್ಯಾರೇಜಿನ ಹುಡುಗನೊಬ್ಬ ಬಂದು ನಿಂತಿದ್ದ. "ಓಡ್ತಾ ಇರೋವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು ನೋಡಿ ಭಾಯಿ. ಎಂಜಿನ್ ಆಫ್ ಆದ್ರೆ ಆಲ್ಟರ್ನೇಟರ್ ಹೋಗಿದೆ ಅಂತ" ಎಂದ. ಭಾಯಿ ಅವನನ್ನು ಗದರಿದರು. ಡೈನಮೋ ಕಾಲದವರು ಹಾಗೆ ಮಾಡಿ ನೋಡುತ್ತಿದ್ದರಂತೆ. ಆಲ್ಟರ್ನೇಟರ್ ಓಡುವಾಗ ಬ್ಯಾಟರಿ ಕಿತ್ತರೆ ವೋಲ್ಟೇಜ್ ಒಮ್ಮೆಲೇ ಚಿಮ್ಮಿ ಡಯೋಡುಗಳು ಸುಡಬಹುದು. ರೋಗ ಕಂಡುಹಿಡಿಯಲು ಹೋಗಿ ಇನ್ನೊಂದು ರೋಗ ತರಿಸಿದ ಹಾಗೆ. ಕಿತ್ತು ನೋಡಬೇಕಾದದ್ದು ಏನೂ ಇರಲಿಲ್ಲ. ಭಾಯಿ ಕಾರಿನ ಕಿಟಕಿಯೊಳಗೆ ತಲೆ ಹಾಕಿ, "ಕೀ ಆನ್ ಮಾಡಿ ಮೇಷ್ಟ್ರೇ, ಸ್ಟಾರ್ಟ್ ಬೇಡ" ಎಂದರು.

ಆಯಿಲ್ ದೀಪ ಹೊತ್ತಿತು. ಅದರ ಪಕ್ಕದ್ದು ಹೊತ್ತಲಿಲ್ಲ.

"ಚಾರ್ಜಿನ ಕೆಂಪು ಲೈಟು ಎಷ್ಟು ದಿನದಿಂದ ಬರ್ತಾ ಇಲ್ಲ?"

"ಅದು ಬಂದೇ ಇಲ್ಲ ಭಾಯಿ. ಎರಡು ವರ್ಷದಲ್ಲಿ ಒಂದು ಸಲವೂ ಬಂದಿಲ್ಲ" ಎಂದು ಅಪ್ಪ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದರು. ಚಾರ್ಜ್ ಆಗದಿದ್ದರೆ ಆ ದೀಪ ಉರಿಯುತ್ತದೆ. ಉರಿಯುತ್ತಿಲ್ಲ, ಅಂದರೆ ಚಾರ್ಜ್ ಆಗುತ್ತಿದೆ. ಕಾರು ಇಟ್ಟುಕೊಂಡವರೆಲ್ಲ ಹೀಗೆಯೇ ಯೋಚಿಸುವುದು. ಕೀ ತಿರುಗಿಸಿದಾಗ ಒಂದು ಕ್ಷಣ ಅದು ಉರಿಯಲೇಬೇಕು, ಎಂಜಿನ್ ಓಡಿದ ಮೇಲೆ ಆರಬೇಕು ಎಂಬುದರ ಮೊದಲರ್ಧ ನಮಗೆ ಮರೆತೇ ಹೋಗುತ್ತದೆ.

ಭಾಯಿ ಆಲ್ಟರ್ನೇಟರಿನ ಹಿಂಬದಿ ತೋರಿಸಿದರು. ಎರಡು ವೈರುಗಳು. ದಪ್ಪನೆಯದು ಬ್ಯಾಟರಿಗೆ ಹೋಗುವುದು. ಸಣ್ಣದು ಆ ಕೆಂಪು ದೀಪದಿಂದ ಬರುವುದು. ಸಣ್ಣದನ್ನು ಕಳಚಿ, ಕೀ ಆನ್ ಇರುವಂತೆಯೇ, ಎಂಜಿನ್ನಿನ ಲೋಹಕ್ಕೆ ತಾಗಿಸಿದರು. ಬಲ್ಬೂ ವೈರೂ ಸರಿಯಿದ್ದರೆ ದೀಪ ಉರಿಯಬೇಕು. ಉರಿದರೆ ತೊಂದರೆ ಆಲ್ಟರ್ನೇಟರಿನ ಹೊಟ್ಟೆಯಲ್ಲಿದೆ ಎಂದರ್ಥ. ಉರಿಯಲಿಲ್ಲ. ಆಮೇಲೆ ಅವರು ತಮ್ಮ ಟೆಸ್ಟ್ ಲ್ಯಾಂಪ್ ತಂದರು. ಅದೊಂದು ಬಲ್ಬ್ ಹೋಲ್ಡರು, ಎರಡು ವೈರು, ಎರಡು ಕ್ಲಿಪ್ಪು. ಒಂದು ಕ್ಲಿಪ್ಪನ್ನು ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದನ್ನು ಸಣ್ಣ ವೈರು ಕಳಚಿದ ಜಾಗಕ್ಕೆ ಕಚ್ಚಿಸಿದರು. ಬಲ್ಬು ಹೊತ್ತಿಕೊಂಡಿತು.

"ಈಗ ಸ್ಟಾರ್ಟ್ ಮಾಡಿ. ಆಕ್ಸಿಲರೇಟರ್ ಬೇಡ, ನಿಮ್ಮ ಥರಾನೇ ಮೆಲ್ಲಗೆ."

ಎಂಜಿನ್ ಹೊರಟಿತು. ಭಾಯಿಯ ಕೈಯಲ್ಲಿದ್ದ ಬಲ್ಬು ಮಂಕಾಗಿ, ಆರಿಹೋಯಿತು. ಮೀಟರಿನಲ್ಲಿ 14.1.

"ಆಲ್ಟರ್ನೇಟರ್ ಸತ್ತಿಲ್ಲ ಮೇಷ್ಟ್ರೇ, ಮಲಗಿದೆ. ಎಬ್ಬಿಸೋರು ಇಲ್ಲ."

ಅಪ್ಪ ಕಾರಿನಿಂದ ಇಳಿದು ಬಂದು ಆ ಆರಿದ ಬಲ್ಬನ್ನೇ ನೋಡುತ್ತ ನಿಂತರು. ಮೂವತ್ತು ವರ್ಷ ಹತ್ತನೇ ಕ್ಲಾಸಿಗೆ ವಿದ್ಯುತ್ಕಾಂತೀಯ ಪ್ರೇರಣೆ ಪಾಠ ಮಾಡಿದವರು ಅವರು. 1831ರಲ್ಲಿ ಫ್ಯಾರಡೆ ಕಂಡುಕೊಂಡದ್ದು, ತಂತಿಯ ಸುರುಳಿಯ ಹತ್ತಿರ ಕಾಂತ ಅಲುಗಾಡಿದರೆ ವಿದ್ಯುತ್ ಹುಟ್ಟುತ್ತದೆ ಎನ್ನುವುದು. ಪಾಠದ ಚಿತ್ರದಲ್ಲಿ ಕಾಂತ ಸದಾ ಸಿದ್ಧವಾಗಿ ಇರುತ್ತದೆ. ಒಂದು ತುದಿಯಲ್ಲಿ ಉತ್ತರ, ಇನ್ನೊಂದು ತುದಿಯಲ್ಲಿ ದಕ್ಷಿಣ. ಕಾರಿನ ಆಲ್ಟರ್ನೇಟರಿನಲ್ಲಿ ಅಂಥ ಕಾಂತ ಇಲ್ಲ. ಒಂದು ತಂತಿಯ ಸುರುಳಿ, ಅದರ ಸುತ್ತ ಎರಡು ಕೈಗಳ ಬೆರಳುಗಳನ್ನು ಹೆಣೆದಂತೆ ಕಬ್ಬಿಣದ ಉಗುರುಗಳು. ಸುರುಳಿಗೆ ವಿದ್ಯುತ್ ಕೊಟ್ಟರೆ ಮಾತ್ರ ಅದು ಕಾಂತವಾಗುತ್ತದೆ. ಒಮ್ಮೆ ಎದ್ದರೆ ತಾನು ಹುಟ್ಟಿಸಿದ್ದರಲ್ಲೇ ಸ್ವಲ್ಪ ತನಗಿಟ್ಟುಕೊಂಡು ನಡೆಯುತ್ತದೆ. ಮೊದಲ ಕ್ಷಣಕ್ಕೆ ಮಾತ್ರ ಹೊರಗಿನಿಂದ ಒಂದಿಷ್ಟು ಬರಬೇಕು. ನಮ್ಮ ಕಾರಿನಲ್ಲಿ ಅದು ಬರುವ ದಾರಿ ಆ ಕೆಂಪು ದೀಪವೇ. ಬ್ಯಾಟರಿಯಿಂದ ಹೊರಟು, ಬಲ್ಬಿನ ಎಳೆಯ ಮೂಲಕ ಹಾದು, ಸಣ್ಣ ವೈರಿನಲ್ಲಿ ಇಳಿದು ಸುರುಳಿ ಸೇರುತ್ತದೆ. ಆಲ್ಟರ್ನೇಟರ್ ಎದ್ದ ಮೇಲೆ ಬಲ್ಬಿನ ಎರಡೂ ಬದಿಗೆ ಒಂದೇ ವೋಲ್ಟೇಜು. ಹರಿಯಲು ಇಳಿಜಾರೇ ಇಲ್ಲದ್ದರಿಂದ ದೀಪ ಆರುತ್ತದೆ. ದೂರು ಹೇಳಲೆಂದು ಇಟ್ಟ ದೀಪ ಎಂದು ನಾವು ತಿಳಿದದ್ದು, ಪ್ರತಿ ಬೆಳಿಗ್ಗೆ ಎಬ್ಬಿಸುವ ಕೆಲಸವನ್ನೂ ಮಾಡುತ್ತಿತ್ತು. ಬಲ್ಬಿನ ಎಳೆ ತುಂಡಾದ ದಿನ ದೂರೂ ನಿಂತಿತು, ಎಬ್ಬಿಸುವುದೂ ನಿಂತಿತು.

"ಹಾಗಾದ್ರೆ ಜೋರಾಗಿ ಓಡಿಸಿದಾಗ ಹೇಗೆ ಎದ್ದಿತು?" ಎಂದು ನಾನು ಕೇಳಿದೆ. ಇದಕ್ಕೆ ಉತ್ತರ ಅಪ್ಪನೇ ಕೊಟ್ಟರು. ಅವರ ದನಿ ಕ್ಲಾಸಿನ ದನಿಯಾಗಿತ್ತು. ಒಮ್ಮೆ ಕಾಂತವಾಗಿದ್ದ ಕಬ್ಬಿಣದಲ್ಲಿ ವಿದ್ಯುತ್ ನಿಂತ ಮೇಲೂ ಅಲ್ಪಸ್ವಲ್ಪ ಕಾಂತತ್ವ ಉಳಿದಿರುತ್ತದೆ. ಬಹಳ ವೇಗವಾಗಿ ತಿರುಗಿಸಿದರೆ ಆ ಉಳಿಕೆಯಿಂದಲೇ ಒಂದಿಷ್ಟು ವಿದ್ಯುತ್ ಹುಟ್ಟಿ, ಅದು ಕಾಂತವನ್ನು ಬಲಪಡಿಸಿ, ಅದರಿಂದ ಇನ್ನಷ್ಟು ಹುಟ್ಟಿ, ಹೀಗೆ ತಾನಾಗಿಯೇ ಏಳುತ್ತದೆ. ಎದ್ದ ಮೇಲೆ ಎಂಜಿನ್ ಆಫ್ ಮಾಡುವವರೆಗೆ ಮಲಗುವುದಿಲ್ಲ. ಭಾವ ಪ್ರತಿ ಸಲ ಹೊರಟ ಕೂಡಲೇ ಮೂರನೇ ಗೇರಿನಲ್ಲಿ ಎಂಜಿನ್ ಅರಚಿಸಿ ಯಾವುದೋ ಬಸ್ಸನ್ನು ಹಿಂದೆ ಹಾಕುತ್ತಿದ್ದರು. ಕಾರು ಎಚ್ಚರಾಗುತ್ತಿತ್ತು. ಅಪ್ಪನ ಇಪ್ಪತ್ತೈದು ಕಿಲೋಮೀಟರಿನ ಟಾಪ್ ಗೇರಿನಲ್ಲಿ ಅದು ನಿದ್ದೆಯಲ್ಲೇ ದುರ್ಗಿಗುಡಿಗೆ ಹೋಗಿ ನಿದ್ದೆಯಲ್ಲೇ ಬರುತ್ತಿತ್ತು. ಎಂಜಿನ್ನಿನ ಕಿಡಿಗೆ ಬೇಕಾದ ಮೂರು ನಾಲ್ಕು ಆಂಪಿಯರ್, ಸ್ಟಾರ್ಟರ್ ಪ್ರತಿ ಸಲ ನುಂಗುವ ನೂರಕ್ಕೂ ಮಿಕ್ಕಿದ ಆಂಪಿಯರ್, ಎಲ್ಲ ಬ್ಯಾಟರಿಯ ಗಂಟಿನಿಂದಲೇ ಖರ್ಚು. ಜಮೆ ಇಲ್ಲ. ಐದಾರು ದಿನಕ್ಕೆ ಗಂಟು ಖಾಲಿ. ಅಮ್ಮನ ಕ್ಯಾಲೆಂಡರಿನ 'ಕಾ'ಗಳಿಗೆಲ್ಲ ಲೆಕ್ಕ ಸಿಕ್ಕಿತು. ಫೋಟೊ ತೋರಿಸಿದಾಗ ಭಾಯಿ ನಕ್ಕರು: "ಅಮ್ಮಾವ್ರನ್ನ ನಮ್ಮ ಅಂಗಡಿಗೆ ಕಳಿಸಿಕೊಡಿ."

ಅಪ್ಪ ಸುಮ್ಮನಾಗಲಿಲ್ಲ. ಶಾಲೆಯ ಮಕ್ಕಳನ್ನು ಪ್ರವಾಸಕ್ಕೆಂದು ಜೋಗಕ್ಕೆ ಕರೆದುಕೊಂಡು ಹೋಗುತ್ತಿದ್ದ ದಿನಗಳನ್ನು ನೆನೆಸಿಕೊಂಡರು. 1948ರಲ್ಲಿ ಕೆಲಸ ಶುರುಮಾಡಿದ ಮಹಾತ್ಮ ಗಾಂಧಿ ಜಲವಿದ್ಯುದಾಗಾರ ಅಲ್ಲಿದೆ. ಅದಕ್ಕೂ ಮುಂಚೆ 1902ರಲ್ಲೇ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಗಿತ್ತು. ಅಷ್ಟು ದೊಡ್ಡ ಜನರೇಟರಿಗೂ ಇದೇ ನಿಯಮ. ನೀರು ಎಷ್ಟೇ ರಭಸದಿಂದ ಬಿದ್ದರೂ ಒಳಗಿನ ಸುರುಳಿಗೆ ಮೊದಲು ಒಂದಿಷ್ಟು ಡಿಸಿ ವಿದ್ಯುತ್ ಸಿಗದೆ ಅದು ಬರೀ ತಿರುಗುವ ಕಬ್ಬಿಣ. ಹಳೆಯ ಕಾಲದ ವಿದ್ಯುದಾಗಾರಗಳಲ್ಲಿ ಆ ಕೆಲಸಕ್ಕೆಂದೇ ದೊಡ್ಡ ಜನರೇಟರಿನ ಜೊತೆಗೆ ಪುಟ್ಟದೊಂದು ಡಿಸಿ ಜನರೇಟರು ಇರುತ್ತಿತ್ತು. ಅದಕ್ಕೆ ಎಕ್ಸೈಟರ್ ಎಂದು ಹೆಸರು. "ಮಕ್ಕಳಿಗೆ ಆ ಪದ ಬಾಯಿಪಾಠ ಮಾಡಿಸಿದ್ದೆ ಭಾಯಿ" ಎಂದರು ಅಪ್ಪ. ಭಾಯಿ, "ಹೌದಾ? ನಾವು ಇದಕ್ಕೆ ಬಲ್ಬು ಅಂತೀವಿ" ಎಂದರು.

ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿ ಸಹಾಯಕ ಹುಡುಗ ಬಲ್ಬು ಹೊರತೆಗೆದ. ಬಟಾಣಿಯಷ್ಟು ದೊಡ್ಡದು, ಗಾಜು ಒಳಗಿನಿಂದ ಕಪ್ಪಾಗಿತ್ತು. ಎಲ್‌ಇಡಿ ಹಾಕಿದರೆ ಬಹಳ ಕಾಲ ಬರುತ್ತದಲ್ಲ ಎಂದು ನಾನು ಕೇಳಿದ್ದಕ್ಕೆ ಭಾಯಿ ಬೇಡವೆಂದರು. ಎಲ್‌ಇಡಿ ಬಹಳ ಕಡಿಮೆ ವಿದ್ಯುತ್ತಿನಲ್ಲೇ ಉರಿಯುತ್ತದೆ, ಅಷ್ಟು ಕಡಿಮೆ ಹರಿದರೆ ಆಲ್ಟರ್ನೇಟರ್ ಏಳದೇ ಇರಬಹುದು. ಇಲ್ಲಿ ಬೇಕಾದದ್ದು ಎರಡು ಮೂರು ವ್ಯಾಟ್ ತಿನ್ನುವ ಹಳೆಯ ನಮೂನೆಯ ಬಲ್ಬೇ. ಬೆಲೆ ಇಪ್ಪತ್ತು ರೂಪಾಯಿ.

ಇಷ್ಟಕ್ಕೇ ಬಿಟ್ಟಿದ್ದರೆ ಕಾರು ಓಡುತ್ತಿತ್ತು. ಆದರೆ ಇಪ್ಪತ್ತಾರು ವರ್ಷ ಬಿಚ್ಚದ ಆಲ್ಟರ್ನೇಟರ್. ಕಿವಿಗೆ ಉದ್ದನೆಯ ಸ್ಕ್ರೂಡ್ರೈವರ್ ಹಚ್ಚಿ ಅದರ ಬೇರಿಂಗಿನ ಸದ್ದು ಕೇಳಿದ ಭಾಯಿ, "ಬಿಚ್ಚಿಬಿಡೋಣ" ಎಂದರು. ಬ್ಯಾಟರಿಯ ವೈರು ಕಳಚಿ, ಬೆಲ್ಟ್ ಸಡಿಲಿಸಿ, ಅದನ್ನು ಮೇಜಿನ ಮೇಲಿಟ್ಟು ಎರಡು ಹೋಳು ಮಾಡಿದರು. ಕಾರ್ಬನ್ ಬ್ರಶ್ಶುಗಳು ಸವೆದು ಕಡಲೆಬೇಳೆಯಷ್ಟಾಗಿದ್ದವು. ಅವು ಒತ್ತಿ ನಿಲ್ಲುವ ತಾಮ್ರದ ಉಂಗುರಗಳು ಕಪ್ಪಾಗಿದ್ದವು. ಹುಡುಗ ನಯವಾದ ಉಪ್ಪುಕಾಗದದಿಂದ ಉಜ್ಜಿ ಹೊಳೆಯಿಸಿದ. ಸುರುಳಿಯ ಪ್ರತಿರೋಧ ಸುಮಾರು ನಾಲ್ಕು ಓಮ್, ಸರಿಯಾಗಿದೆ. ಡಯೋಡುಗಳನ್ನು ಒಂದೊಂದಾಗಿ ಮೀಟರಿನಿಂದ ನೋಡಿದರು. ಒಂದು ದಿಕ್ಕಿಗೆ ದಾರಿ ಬಿಡಬೇಕು, ಇನ್ನೊಂದು ದಿಕ್ಕಿಗೆ ತಡೆಯಬೇಕು. ಎಲ್ಲವೂ ಸರಿಯಿದ್ದವು. ಬೇರಿಂಗ್ ಎರಡೂ ಹೊಸದು ಹಾಕಿದರು. ಅಪ್ಪ ಸ್ಟೂಲ್ ಎಳೆದುಕೊಂಡು ಎಲ್ಲವನ್ನೂ ನೋಡುತ್ತ, ನಡುನಡುವೆ ಆ ಹುಡುಗನಿಗೆ ಯಾವುದಕ್ಕೆ ಯಾವ ಹೆಸರು ಎಂದು ಹೇಳುತ್ತ ಕೂತರು. ಹುಡುಗ ಅವುಗಳ ಅಂಗಡಿ ಹೆಸರುಗಳನ್ನು ಅಪ್ಪನಿಗೆ ಹೇಳಿದ. ಎಲ್ಲ ಸೇರಿ ಸಾವಿರದ ನಾನೂರು ರೂಪಾಯಿ ಆಯಿತು. ಎರಡು ಬ್ಯಾಟರಿಗೆ ಕೊಟ್ಟದ್ದನ್ನು ನಾವು ಅಲ್ಲಿ ಹೇಳಲಿಲ್ಲ.

ಸಂಜೆ ಐದಕ್ಕೆ ಕೆಲಸ ಮುಗಿಯಿತು. ಕೀ ಆನ್ ಮಾಡಿದರೆ ಕೆಂಪು ದೀಪ, ಸ್ಟಾರ್ಟ್ ಮಾಡಿದರೆ ಕತ್ತಲೆ. "ಒಂದು ಇಪ್ಪತ್ತು ಕಿಲೋಮೀಟರ್ ಓಡಿಸಿ, ಬ್ರಶ್ ಕೂತ್ಕೊಳ್ಳುತ್ತೆ" ಎಂದು ಭಾಯಿ ಕಳಿಸಿದರು. ಅಪ್ಪ ತೀರ್ಥಹಳ್ಳಿ ರಸ್ತೆಗೆ ತಿರುಗಿಸಿದರು. ಗಾಜನೂರಿನವರೆಗೆ, ತುಂಗೆಯ ಪಕ್ಕದ ಆ ದಾರಿಯಲ್ಲಿ, ಅವರು ಮಾತಾಡುತ್ತಲೇ ಇದ್ದರು. ಅಕ್ಕನಿಗೆ ಫೋನು ಮಾಡಿ ಸ್ಪೀಕರಿನಲ್ಲಿ ಎಲ್ಲವನ್ನೂ ವಿವರಿಸಿದರು. ಅಕ್ಕ ಪೂರ್ತಿ ಕೇಳಿಸಿಕೊಂಡು, "ಒಳ್ಳೇದಾಯ್ತಪ್ಪಾ" ಎಂದಳು. ಹಿಂದಿನಿಂದ ಭಾವನ ದನಿ, "ಅಂದ್ರೆ ನಾನು ಹೇಳಿದ್ದೂ ಸರಿ, ಮಾವ ಹೇಳಿದ್ದೂ ಸರಿ!"

ತೋಟದಿಂದ ಹೊರಡುವಾಗ ಕತ್ತಲಾಗಿತ್ತು. ಹೆಡ್‌ಲೈಟು ಎರಡು ವರ್ಷದಲ್ಲಿ ಅಷ್ಟು ಬೆಳ್ಳಗೆ ಉರಿದದ್ದು ನಾನು ನೋಡಿರಲಿಲ್ಲ. ಎರಡು ಮೂರು ಬಸ್ಸು ಎದುರಾದವು. ಪ್ರತಿ ಸಲ ಅಪ್ಪ ಕಾರನ್ನು ಎಡಕ್ಕೆ ಸರಿಸಿ ಪೂರ್ತಿ ನಿಲ್ಲಿಸಿಬಿಡುತ್ತಿದ್ದರು. ನಾಲ್ಕನೆಯದಕ್ಕೆ ನಿಲ್ಲಿಸಿದವರು ಹೊರಡಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಓಡುತ್ತಿರುವಂತೆಯೇ, "ನೀನು ಈ ಕಡೆ ಬಾ ಪುಟ್ಟಿ" ಎಂದರು.

"ಯಾಕಪ್ಪಾ, ಸುಸ್ತಾ?"

"ಸುಸ್ತಲ್ಲ. ಎದುರಿನ ಲೈಟು ಬಿದ್ದರೆ ಒಡೆದ ಗಾಜಿನ ಹಾಗೆ ಕಾಣ್ತದೆ. ಸುಮಾರು ದಿನ ಆಯ್ತು."

"ಯಾರಿಗೂ ಹೇಳಿಲ್ವಲ್ಲ?"

"ಹೇಳಿದ್ರೆ ಮೊದಲು ಕೀ ಕಿತ್ಕೊಳ್ತಿದ್ರಿ."

ಅಷ್ಟು ದಿನ ಮನೆಯಲ್ಲಿ ನಡೆದ ವಾದವೆಲ್ಲ ಬ್ಯಾಟರಿಯ ಮೇಲೆ, ವೇಗದ ಮೇಲೆ, ವಯಸ್ಸಿನ ಮೇಲೆ. ಕಣ್ಣಿನ ಮಾತು ಯಾರೂ ಎತ್ತಿರಲಿಲ್ಲ, ಅವರೂ ಎತ್ತಿರಲಿಲ್ಲ. ದೂರು ಬರಲಿಲ್ಲವಾದ್ದರಿಂದ ತೊಂದರೆ ಇಲ್ಲ ಎಂದೇ ಎಲ್ಲರ ಲೆಕ್ಕ. ಕಾರಿನ ತಪ್ಪು ತನ್ನ ಮೇಲಿಲ್ಲ ಎಂದು ಗೊತ್ತಾದ ದಿನವೇ ಅವರಿಗೆ ಇದನ್ನು ಹೇಳಲು ಸಾಧ್ಯವಾಯಿತು ಎಂದು ನನಗೆ ಅನ್ನಿಸುತ್ತದೆ. ಸಲ್ಲದ ಆರೋಪವೊಂದು ತಲೆಯ ಮೇಲಿರುವಾಗ ನಿಜವಾದ ತೊಂದರೆಯನ್ನು ಬಾಯಿಬಿಟ್ಟು ಹೇಳುವುದು ಯಾರಿಗೂ ಕಷ್ಟ. ಹೇಳಿದರೆ ಎರಡೂ ಸೇರಿ ಒಂದೇ ತೀರ್ಪಾಗಿಬಿಡುತ್ತದೆ. ನಾನು ಜಾಗ ಬದಲಿಸಿ ಕೂತು ಮನೆಯವರೆಗೆ ಓಡಿಸಿದೆ. ನಾನು ಗೇರು ಬದಲಿಸುವುದು ತಡವಾಯಿತೆಂದು ಅವರು ದಾರಿಯುದ್ದಕ್ಕೂ ಗೊಣಗಿದರು.

ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಸಂಕ್ರಾಂತಿ ಕಳೆದ ಮೇಲೆ ಒಂದು, ಯುಗಾದಿಯ ಹೊತ್ತಿಗೆ ಇನ್ನೊಂದು ಆಪರೇಷನ್ ಆಯಿತು. ಅಮ್ಮನ ಹೊಸ ಕ್ಯಾಲೆಂಡರಿನಲ್ಲಿ 'ಕಾ' ಎಲ್ಲೂ ಇಲ್ಲ. ಕಣ್ಣಿಗೆ ಡ್ರಾಪ್ಸ್ 'ಹಾ' ಎಂಬ ಗುರುತು ಮಾತ್ರ ಎರಡು ತಿಂಗಳು ತುಂಬಿತ್ತು. ರಾತ್ರಿ ಓಡಿಸುವುದಿಲ್ಲ ಎಂದು ಅಪ್ಪ ತಾವೇ ಹೇಳಿದರು, ಕಣ್ಣು ಸರಿಯಾದ ಮೇಲೂ ಆ ಮಾತನ್ನು ಬದಲಿಸಲಿಲ್ಲ. ಬೆಳಗಿನ ದುರ್ಗಿಗುಡಿ ಮುಂದುವರಿದಿದೆ. ಟಾಪ್ ಗೇರು ಇಪ್ಪತ್ತೈದಕ್ಕೇ ಬೀಳುತ್ತದೆ.

ಮೊನ್ನೆ ಭಾವ ಫೋನು ಮಾಡಿ, ದಸರಾ ರಜೆಗೆ ಬರುತ್ತೇವೆ, ಕಾರು ಬೇಕು ಎಂದರು. ಅಪ್ಪ ಒಪ್ಪಿದರು. ಟೈರಿನ ಗಾಳಿ, ರೇಡಿಯೇಟರಿನ ನೀರು ಎಲ್ಲ ಹೇಳಿ ಮುಗಿಸಿ, ಕೊನೆಗೆ, "ಮತ್ತೆ ಕೀ ಆನ್ ಮಾಡಿದ ಕೂಡಲೇ ಭರ್ರ್ ಅಂತ ಹೊರಡಬೇಡಿ ಅಳಿಯಂದ್ರೇ. ಕೆಂಪು ದೀಪ ಬಂತಾ ನೋಡಿ. ಬರದಿದ್ರೆ ನನ್ನ ಕರೀರಿ" ಎಂದರು.